ನೇಲಾ ಅತ್ತೆಯ ಐಸ್ ಪ್ಯಾಕ್

ಬೆಳಗಿನ ಕಾಫಿ ಮುಗಿಯಿತೆಂದರೆ ಲೇಂಡರ್ಟ್ ತನ್ನ ಗಾಜಿನ ಮನೆಯೊಳಗೆ ಅತ್ತೆಯಂದಿರ ಯೋಗಕ್ಷೇಮ ವಿಚಾರಿಸಲು ಹೊರಡುತ್ತಿದ್ದ. ಟೊಮೇಟೊ ಹೂವುಗಳ ಪರಾಗಸ್ಪರ್ಶಕ್ಕೆಂದು ತರಿಸಿದ ದುಂಬಿಗಳ ಪೆಟ್ಟಿಗೆಗಳು ಗಿಡದ ಸಾಲುಗಳ ನಡುವೆ ಕೂತಿದ್ದವು. ಒಂದೊಂದು ಪೆಟ್ಟಿಗೆಯ ರಾಣಿಗೂ ಅವನು ತೀರಿಹೋದ ಒಬ್ಬೊಬ್ಬ ಸೋದರತ್ತೆಯ ಹೆಸರಿಟ್ಟಿದ್ದ.

"ನೇಲಾ ಅತ್ತೆ, ಸೆಕೆ ಆಗ್ತಿದೆಯಾ?" ಎಂದು ಪೆಟ್ಟಿಗೆಗೆ ಕಿವಿಗೊಟ್ಟು ಕೇಳುವನು. ಬಿಸಿಲೇರಿದರೆ ದುಂಬಿಗಳು ಹೂವು ಬಿಟ್ಟು ಗೂಡು ಸೇರಿ ರೆಕ್ಕೆ ಬೀಸುತ್ತ ಕೂರುತ್ತವೆ. ಅದಕ್ಕೇ ಪ್ರತಿ ಪೆಟ್ಟಿಗೆಯ ಮೇಲೂ ಥರ್ಮಾಕೋಲಿನ ನೆರಳು, ಅದರಡಿ ಆಯಾ ಅತ್ತೆಯ ಹೆಸರು ಬರೆದ ಐಸ್ ಪ್ಯಾಕ್.

ಹಣ್ಣು ಕೀಳಲು ಪೋಲೆಂಡಿನಿಂದ ಬಂದ ಹೆಂಗಸರಿಗೆ ಮಾತ್ರ ಅವನ ಬಾಯಲ್ಲಿ ಹೆಸರಿರಲಿಲ್ಲ. "ಹದಿನಾಲ್ಕನೇ ಸಾಲು, ಕೈ ಚುರುಕಾಗ್ಲಿ!" ಎನ್ನುವನು. ಹದಿನಾಲ್ಕನೇ ಸಾಲೆಂದರೆ ಬೊಗ್ನಾ, ಅರವತ್ತರ ಹತ್ತಿರದವಳು, ಮೂರು ಬೇಸಿಗೆಯಿಂದ ಇಲ್ಲೇ ದುಡಿಯುತ್ತಿದ್ದಳು. ಲೇಂಡರ್ಟ್ ಕೆಟ್ಟವನೇನಲ್ಲ. ಆದರೆ ಊಟದ ಕೋಣೆಯ ಫ್ರಿಜ್ಜಿನ ತುಂಬ ಅತ್ತೆಯಂದಿರ ಐಸ್ ಪ್ಯಾಕೇ ಇದ್ದುದರಿಂದ ಹೆಂಗಸರ ನೀರಿನ ಬಾಟಲಿಗಳು ಕಿಟಕಿಯ ಮೇಲೆ ಬಿಸಿಲು ಕಾಯಿಸುತ್ತಿದ್ದವು.

ಜುಲೈನ ಒಂದು ಮಧ್ಯಾಹ್ನ ಗಾಜಿನ ಮನೆ ಕುಲುಮೆಯಂತಾಯಿತು. ಬೊಗ್ನಾಳ ಪಕ್ಕದ ಸಾಲಿನ ಗ್ರಜೀನಾ ಲೇಂಡರ್ಟನಿಗೆ ಅಡ್ಡ ನಿಂತಳು.

"ಯಜಮಾನ್ರೇ, ದುಂಬಿಗಳೆಲ್ಲ ಒಳಗೆ ಹೋಗಿವೆ. ನಾವೂ ಸ್ವಲ್ಪ ಕೂತ್ಕೋತೀವಿ. ಈ ಅಕ್ಕನಿಗೆ ಬೆಳಗ್ಗೆಯಿಂದ ತಲೆ ಸುತ್ತು."

"ಮೂರಕ್ಕೆ ಲಾರಿ ಬರುತ್ತೆ. ಮಾಲು ಕಮ್ಮಿಯಾದ್ರೆ ವ್ಯಾಪಾರಿ ನಾಳೆ ಬೇರೆ ತೋಟ ಹುಡುಕ್ತಾನೆ. ಆಮೇಲೆ ನನಗೂ ಕೆಲಸ ಇಲ್ಲ, ನಿಮಗೂ ಇಲ್ಲ."

"ಈ ಮಾತು ನೇಲಾ ಅತ್ತೆಗೂ ಹೇಳಿದ್ರಾ?"

"ಅವು ಹುಳ ಕಣಮ್ಮ! ಬೈದ್ರೆ ಕೇಳ್ತವಾ?"

"ಹಾಗಾದ್ರೆ ಹೇಳಿದ ಮಾತು ಕೇಳೋದೇ ನಮ್ಮ ತಪ್ಪು."

ಲೇಂಡರ್ಟ್ ಗೊಣಗುತ್ತ ಮುಂದೆ ಹೋದ. ಅರ್ಧ ಗಂಟೆಯ ಮೇಲೆ ನೋಡಿದರೆ ನೇಲಾ ಅತ್ತೆಯ ಐಸ್ ಪ್ಯಾಕೇ ಮಾಯ! ಸಾಲುಸಾಲು ಹುಡುಕಿಕೊಂಡು ಓಡಿದ. ಹದಿನಾಲ್ಕನೇ ಸಾಲಿನಲ್ಲಿ ಬೊಗ್ನಾ ಮಗುಚಿದ ಕ್ರೇಟಿನ ಮೇಲೆ ಕುಸಿದಿದ್ದಳು. ಗ್ರಜೀನಾ ಅವಳ ಹಣೆಗೆ ಐಸ್ ಪ್ಯಾಕ್ ಇಟ್ಟು ಸ್ಕಾರ್ಫಿನಿಂದ ಬಿಗಿದಿದ್ದಳು. ಸ್ಕಾರ್ಫಿನ ಅಂಚಿನಿಂದ ಇಣುಕಿದ ಪ್ಯಾಕಿನ ಮೇಲೆ 'ನೇಲಾ ಅತ್ತೆ' ಎಂಬ ಹೆಸರು ಎದ್ದು ಕಾಣುತ್ತಿತ್ತು.

"ಅದು ನೇಲಾ ಅತ್ತೇದು! ಪಾಪ, ಅವಳು ಬೆಂದು ಹೋಗ್ತಾಳೆ!"

ಬೊಗ್ನಾ ಕಣ್ಣು ಅರೆತೆರೆದಳು. "ತಗೊಳ್ಳಿ ಯಜಮಾನ್ರೇ," ಎಂದು ಸ್ಕಾರ್ಫು ಬಿಚ್ಚಲು ಹೋದಳು. ಕೈ ಮೇಲೇಳಲಿಲ್ಲ.

ನೀರು ಹಿಡಿದು ಓಡಿಬಂದ ಹೆಂಡತಿ ಆಲ್ಚೆ ಗಂಡನನ್ನು ದುರುಗುಟ್ಟಿ ನೋಡಿದಳು. "ನಿನ್ನತ್ತೆ ಸತ್ತು ಎಷ್ಟು ಕಾಲ ಆಯ್ತು! ಇವರಿನ್ನೂ ಬದುಕಿದ್ದಾರೆ. ಡಾಕ್ಟರಿಗೆ ಫೋನ್ ಮಾಡು."

ಲೇಂಡರ್ಟ್ ಫೋನ್ ಹಚ್ಚಿದ. ಆ ಕಡೆಯ ದನಿ ರೋಗಿಯ ಹೆಸರು ಕೇಳಿತು.

"ಹದಿನಾಲ್ಕನೇ..." ಎಂದವನು ಅಲ್ಲಿಗೇ ನಿಂತ. ಹುಳಗಳ ಹೆಸರೆಲ್ಲ ಬಾಯಿಪಾಠ, ಈ ಹೆಂಗಸಿನ ಹೆಸರು ಗೊತ್ತಿಲ್ಲ. ಅವನಿಗೆ ನಿಂತ ನೆಲದಲ್ಲೇ ಇಳಿದುಹೋಗುವಷ್ಟು ನಾಚಿಕೆಯಾಯಿತು. ಬಗ್ಗಿ ಮೆಲ್ಲಗೆ ಕೇಳಿದ: "ಅಮ್ಮ, ನಿಮ್ಮ ಹೆಸರೇನು?"

ಅಂದು ಲಾರಿ ಅರ್ಧ ಖಾಲಿಯೇ ಹೋಯಿತು. ವ್ಯಾಪಾರಿ ಕೂಗಾಡಿದ, ಆದರೆ ಬೇರೆ ತೋಟ ಹುಡುಕಲಿಲ್ಲ.

ಮುಂದಿನ ವಾರ ಬೊಗ್ನಾ ಚೇತರಿಸಿಕೊಂಡು ಬಂದಾಗ ಕೆಲಸ ನಸುಕಿಗೇ ಶುರುವಾಗಿತ್ತು. ದುಂಬಿಗಳು ಗೂಡು ಸೇರುತ್ತಲೇ ಲೇಂಡರ್ಟ್ ಸೈಕಲ್ ಗಂಟೆ ಬಾರಿಸಿದ. ಹೆಂಗಸರು ಊಟದ ಕೋಣೆಯ ತಂಪಿನಲ್ಲಿ ಕೂತರು. ಬಾಟಲಿಗಳು ಫ್ರಿಜ್ಜಿನೊಳಗಿದ್ದವು. ನೇಲಾ ಅತ್ತೆಯ ಪ್ಯಾಕಿನ ಪಕ್ಕದಲ್ಲಿ ಹೊಸದೊಂದಿತ್ತು, ಅದರ ಮೇಲೆ 'ಬೊಗ್ನಾ' ಎಂದು ಬರೆದಿತ್ತು.

"ಬೊಗ್ನಾ ಅವರೇ, ಸೆಕೆ ಆಗ್ತಿದೆಯಾ?" ಎಂದು ಬಾಗಿಲಲ್ಲಿ ನಿಂತು ಲೇಂಡರ್ಟ್ ಕೇಳಿದ. ಇಷ್ಟು ವರ್ಷ ಯಾವ ಅತ್ತೆಯೂ ಈ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ.

"ಆಗ್ತಿದೆ ಯಜಮಾನ್ರೇ. ನಿಮಗೂ ಆಗ್ತಿರಬೇಕು, ಬನ್ನಿ ಕೂತ್ಕೊಳ್ಳಿ," ಎಂದು ಬೊಗ್ನಾ ಪಕ್ಕದ ಕುರ್ಚಿ ಎಳೆದಳು.