ಮೇಷ್ಟ್ರ ಬಾಯಿ ತುಂಬ ಹತ್ತಿ

ನನ್ನ ಗಂಡ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಸಂಜೆ ಗಂಟೆ ಹೊಡೆದ ಮೇಲೆ ಮಕ್ಕಳು ಪಾರಾಗುತ್ತಾರೆ, ನಾನು ಸಿಕ್ಕಿಬೀಳುತ್ತೇನೆ. ‘ಟುಡೇ ಮಾರ್ನಿಂಗ್’ ಅಂದರೆ ಸಾಕು, ‘ದಿಸ್ ಮಾರ್ನಿಂಗ್’ ಎಂದು ತಿದ್ದುತ್ತಾರೆ. ಪಕ್ಕದ ಮನೆಯಾಕೆ ಏಣಿ ‘ಬಾರೋ’ ಕೊಟ್ಟಳು ಅಂದೆ ಒಂದು ಸಲ. ಕೊಡುವುದು ಲೆಂಡ್, ತರುವುದು ಬಾರೋ ಎಂದು ಅವರು ವಿವರಿಸಿ ಮುಗಿಸುವಷ್ಟರಲ್ಲಿ ಆಕೆ ಏಣಿ ವಾಪಸು ಕೇಳಿಕೊಂಡು ಬಂದಿದ್ದಳು. ಬಲ್ಬು ಬದಲಾಗಿರಲಿಲ್ಲ.

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಫೋನು ಎತ್ತಲು, ಬಂದವರನ್ನು ವಿಚಾರಿಸಲು ಒಬ್ಬರು ಬೇಕು ಎಂದು ತಿಳಿಯಿತು. ನಮ್ಮ ಮಕ್ಕಳು ಬೆಳೆದು ಅವರವರ ದಾರಿ ಹಿಡಿದಿದ್ದರು. ಮನೆಯಲ್ಲಿ ನನ್ನ ಮಾತಿಗೆ ಉಳಿದಿದ್ದವರು ಒಬ್ಬರೇ. ಅವರು ಕೇಳುವುದಿಲ್ಲ, ತಿದ್ದುತ್ತಾರೆ. ಆ ಕುರ್ಚಿ ನನಗೆ ಬೇಕೇ ಬೇಕು ಅನ್ನಿಸಿತು. ಒಂದು ವಾರ ನೋಡುತ್ತೇನೆ, ಹೊಂದಿದರೆ ಕಾಯಂ ಮಾಡುತ್ತೇನೆ ಎಂದರು ಡಾಕ್ಟರಮ್ಮ.

ನನಗಿಂತ ಹೆಚ್ಚು ಖುಷಿಯಾದದ್ದು ಮೇಷ್ಟ್ರಿಗೆ. ಕ್ಲಿನಿಕ್ಕಿನಲ್ಲಿ ಇಂಗ್ಲಿಷೇ ಹೆಚ್ಚು, ಅಲ್ಲಿ ಮರ್ಯಾದೆ ಹೋಗಬಾರದು ಎಂದು ತಯಾರಿ ಶುರು ಮಾಡಿಯೇಬಿಟ್ಟರು. ಕಾಫಿಗೆ ಒಂದು ಜೋಡಿ ಪದ, ತಿಂಡಿಗೆ ಇನ್ನೊಂದು ಜೋಡಿ. ಸಲಹೆಯಾದರೆ ಅಡ್ವೈಸ್, ಸಲಹೆ ಕೊಡುವುದಾದರೆ ಅಡ್ವೈಝ್. ಸಡಿಲವಾದರೆ ಲೂಸ್, ಕಳೆದುಕೊಂಡರೆ ಲೂಝ್. ಪ್ರಿನ್ಸಿಪಲ್ ಅನ್ನು ಒಂದು ಥರ ಬರೆದರೆ ತತ್ವ, ಇನ್ನೊಂದು ಥರ ಬರೆದರೆ ಶಾಲೆಯ ಮುಖ್ಯಸ್ಥ. ಎರಡಕ್ಕೂ ಸಂಬಂಧವೇ ಇಲ್ಲ ಎನ್ನುವಾಗ ಮಾತ್ರ ಅವರ ದನಿಯಲ್ಲಿ ಸ್ವಂತ ಅನುಭವ ಕೇಳಿಸಿತು.

ಪಾಠ ನನ್ನ ತಲೆಗೆ ಚೆನ್ನಾಗಿಯೇ ಹತ್ತಿತು. ತೊಂದರೆ ಆದದ್ದೇ ಅದರಿಂದ. ಮೊದಲು ತಪ್ಪೋ ಒಪ್ಪೋ ನೀರು ಹರಿದಂತೆ ಮಾತಾಡುತ್ತಿದ್ದವಳು ಈಗ ಪ್ರತಿ ಪದಕ್ಕೂ ನಿಂತು, ಎಡಕ್ಕೆ ಬಲಕ್ಕೆ ನೋಡಿ, ರಸ್ತೆ ದಾಟುವಂತೆ ದಾಟಬೇಕಾಯಿತು. ಒಬ್ಬ ಹೆಂಗಸು ಫೋನು ಮಾಡಿ ತಾಯಿಯ ಹಲ್ಲು ಅಲ್ಲಾಡುತ್ತಿದೆ ಎಂದಳು. ‘ಯುವರ್ ಮದರ್ಸ್ ಟೂತ್ ಈಸ್’ ಎಂದು ಶುರು ಮಾಡಿದೆ. ಲೂಸೋ ಲೂಝೋ? ನಾನು ತೀರ್ಮಾನಕ್ಕೆ ಬರುವ ಮೊದಲೇ ಆಕೆ ಫೋನು ಇಟ್ಟಳು.

ಡಾಕ್ಟರಮ್ಮ ಇದನ್ನೆಲ್ಲ ಗಮನಿಸುತ್ತಿದ್ದರು. ವಾರದ ಕೊನೆಯ ದಿನ ಬೆಳಿಗ್ಗೆ ಹತ್ತಿರ ಬಂದು, “ಬೇಜಾರು ಮಾಡ್ಕೋಬೇಡಿ, ನೀವು ಮಾತಾಡೋದು ತುಂಬಾ ಕಡಿಮೆ. ಹಲ್ಲುನೋವಿನವರಿಗೆ ಧೈರ್ಯ ಹೇಳೋರು ಬೇಕು ಇಲ್ಲಿ. ಸಂಜೆ ತನಕ ನೋಡೋಣ” ಎಂದರು. ಹುಟ್ಟಿದಾಗಿನಿಂದ ಬಾಯಿಬಡುಕಿ ಅನ್ನಿಸಿಕೊಂಡವಳು ನಾನು. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಮಧ್ಯಾಹ್ನ ಕೆನ್ನೆ ಊದಿಸಿಕೊಂಡು ಮೇಷ್ಟ್ರು ಬಂದರು. ದವಡೆಹಲ್ಲಿನ ನೋವನ್ನು ಎಷ್ಟು ದಿನದಿಂದ ಮುಚ್ಚಿಟ್ಟಿದ್ದರೋ. ಸೂಜಿ ಕಂಡರೆ ಅವರಿಗೆ ಜೀವ ಬಾಯಿಗೆ ಬರುತ್ತದೆ. ಆ ಸ್ಥಿತಿಯಲ್ಲೂ, ಕಾಯುತ್ತಿದ್ದ ಒಬ್ಬ ಅಜ್ಜ ‘ಪೇನ್ ಈಸ್ ಕಮಿಂಗ್’ ಅಂದದ್ದನ್ನು ತಿದ್ದಿಯೇ ಒಳಗೆ ಹೋದರು.

ಚಿಕಿತ್ಸೆಯ ಕೋಣೆಯ ಬಾಗಿಲು ನನ್ನ ಮೇಜಿನ ಪಕ್ಕಕ್ಕೇ ಇದೆ, ತೆರೆದೇ ಇರುತ್ತದೆ. ಡಾಕ್ಟರಮ್ಮ ಅವರನ್ನು ಮಲಗಿಸಿ, ಬಾಯಿ ಮುಚ್ಚದಂತೆ ಹಲ್ಲುಗಳ ನಡುವೆ ರಬ್ಬರಿನ ತುಂಡು ಸಿಕ್ಕಿಸಿ, ಕೆನ್ನೆಯ ಒಳಗೆ ಹತ್ತಿ ತುರುಕಿ ಪರೀಕ್ಷೆ ಶುರು ಮಾಡಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಭ್ಯಾಸಬಲದಿಂದ ಮೇಷ್ಟ್ರ ಕಡೆ ನೋಡಿದೆ. ಬಾಯಿ ಅಗಲವಾಗಿ ತೆರೆದಿತ್ತು, ಆದರೆ ಒಂದು ಅಕ್ಷರ ಹೊರಡುವಂತಿರಲಿಲ್ಲ. ಮದುವೆಯಾದ ಮೇಲೆ ಇಂಥ ದೃಶ್ಯ ನಾನು ಕಂಡೇ ಇರಲಿಲ್ಲ.

ನನ್ನ ನಾಲಿಗೆಗೆ ಬಿದ್ದಿದ್ದ ಬೀಗ ಕಳಚಿತು. “ಕಮ್ ಮೇಡಂ, ಕಮ್. ಒನ್ ಟೀತ್ ಆರ್ ಟೂ ಟೀತ್, ನೋ ಫಿಯರ್. ಡಾಕ್ಟರ್ ವೆರಿ ಸಾಫ್ಟ್ ಹ್ಯಾಂಡ್. ಮೈ ಓನ್ ಹಸ್ಬೆಂಡ್ ಇನ್‌ಸೈಡ್ ಓನ್ಲಿ, ಮೌತ್ ಓಪನ್!” ಆ ಕಡೆಯವರು ನಕ್ಕು, ಈಗಲೇ ಬರುತ್ತೇನೆ ಎಂದರು. ಮೇಷ್ಟ್ರ ಕಾಲ್ಬೆರಳು ಒಂದೊಂದು ತಪ್ಪಿಗೂ ಅದುರುವುದು ಕಾಣುತ್ತಿತ್ತು. ಅಜ್ಜನ ಪೇನ್ ಎಲ್ಲಿಂದ ಕಮಿಂಗ್, ಎಲ್ಲಿಗೆ ಗೋಯಿಂಗ್ ಎಂದೂ ವಿಚಾರಿಸಿದೆ. ಆತ ಮೊಮ್ಮಗಳ ತನಕ ಎಲ್ಲ ಹೇಳಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಮೇಷ್ಟ್ರ ಕಾಲ್ಬೆರಳು ಸುಮ್ಮನಾಗಿತ್ತು. ಪ್ರಾಣ ಹೋಯಿತೇನೋ ಎಂದು ಹೆದರಿ ಇಣುಕಿದೆ. ಕಣ್ಣು ಮುಚ್ಚಿ ಆರಾಮಾಗಿ ಮಲಗಿದ್ದರು.

ಹಲ್ಲು ಕಿತ್ತು ಹೊರಬಂದ ಡಾಕ್ಟರಮ್ಮ, ಸೋಮವಾರದಿಂದ ನೀವು ಕಾಯಂ ಎಂದರು.

ಮೇಷ್ಟ್ರು ಹಿಂದೆಯೇ ಬಂದು ನನ್ನ ಮೇಜಿನ ಮುಂದೆ ನಿಂತರು. ತಪ್ಪುಗಳ ಮೆರವಣಿಗೆ ಹೊರಡುತ್ತದೆ ಎಂದು ನಾನು ಟೊಂಕ ಕಟ್ಟಿ ನಿಂತೆ. ಅವರು ಹತ್ತಿಯ ಸಂದಿಯಿಂದ ತೊದಲುತ್ತ, “ನೀನು ಮಾತಾಡ್ತಿದ್ದೆಯಲ್ಲ, ನೋವೇ ಗೊತ್ತಾಗ್ಲಿಲ್ಲ ಕಣೇ” ಎಂದರು.

“ಅದು ಇಂಜೆಕ್ಷನ್ ಕೊಟ್ಟಿದ್ದಕ್ಕೆ, ರೀ” ಅಂದೆ.

“ಇಂಜೆಕ್ಷನ್ ಕೊಟ್ಟಿದ್ದು ಆಮೇಲೆ” ಎಂದರು.