ನರದಲ್ಲಿ ದೋಷವಿಲ್ಲ

ಚೀನಾದ ನಾನ್‌ಜಿಂಗ್ ನಗರದ ದೊಡ್ಡಾಸ್ಪತ್ರೆಯಲ್ಲಿ ಗಂಡಸರ ವಿಭಾಗಕ್ಕೆ ಬಂದವರು ಪಕ್ಕದವರ ಮುಖ ನೋಡುವುದಿಲ್ಲ. ಗೆಂಗ್ ಬೋ ಕೂಡ ಮುಖಗವಸನ್ನು ಕಣ್ಣಿನವರೆಗೆ ಎಳೆದುಕೊಂಡು, ಮೂಲೆಯ ಕುರ್ಚಿಯಲ್ಲಿ ಫೋನಿಗೆ ಮೂಗು ತಾಗುವಂತೆ ಬಗ್ಗಿ ಕೂತಿದ್ದ. ಅಷ್ಟು ಮಾಡಿದರೂ ಸಿಕ್ಕಿಬಿದ್ದ.

"ಏ, ನೀನು ಚಿಕ್ಕ ಗೆಂಗ್ ಅಲ್ವೇನೋ?"

ಅವನ ಕಟ್ಟಡದಲ್ಲೇ ಕೆಳಗಿನ ಮಹಡಿಯಲ್ಲಿದ್ದ ಫೇ ತಾತ. ಕಿವಿ ಮಂದ, ಹಾಗಾಗಿ ಮಾತೆಲ್ಲ ಕೂಗಿಯೇ ಆಡಬೇಕು. "ನಂದು ಬಿಡು, ವಯಸ್ಸಾಯ್ತು, ಉಚ್ಚೆ ಸರಿಯಾಗಿ ಹೋಗಲ್ಲ. ಲಿಫ್ಟ್ ರಿಪೇರಿ ಮಾಡ್ಕೊಂಡು ಗುಂಡುಕಲ್ಲಿನ ಹಾಗಿದೀಯ, ನಿನಗೇನೋ ಬಂತು?"

"ನನಗೇನಿಲ್ಲ ತಾತ. ಸ್ನೇಹಿತನ ರಿಪೋರ್ಟ್ ತಗೊಂಡು ಹೋಗೋಣ ಅಂತ ಬಂದೆ."

ಅಷ್ಟರಲ್ಲಿ ಗೋಡೆಯ ಮೈಕು ಕೂಗಿತು: "ಗೆಂಗ್ ಬೋ, ನರ ಪರೀಕ್ಷೆ ಕೋಣೆಗೆ ಬನ್ನಿ."

"ಓಹೋ," ಎಂದರು ತಾತ, "ನಿನ್ನ ಸ್ನೇಹಿತನ ಹೆಸರೂ ಗೆಂಗ್ ಬೋನೇ ಏನು?"

ಸಾಲಾಗಿ ಕೂತ ಗಂಡಸರೆಲ್ಲ ಒಂದೇ ಸಲ ತಲೆ ಎತ್ತಿದರು. ಗೆಂಗ್ ಬೋ ಕಿವಿಯವರೆಗೆ ಕೆಂಪಾಗಿ, ಯಾರತ್ತಲೂ ನೋಡದೆ ಒಳಗೆ ನುಗ್ಗಿದ.

ಅವನಿಗೂ ಯಾನ್ ಪಿಂಗ್‌ಗೂ ಮದುವೆಯಾಗಿ ಆರು ವರ್ಷ. ಮೊದಲಿನಿಂದಲೂ ಇದೇ ಗೋಳು: ಹಾಸಿಗೆಯಲ್ಲಿ ಶುರುವಾಯಿತು ಎನ್ನುವುದರೊಳಗೆ ಮುಗಿದುಹೋಗುತ್ತಿತ್ತು. ಮೊದಮೊದಲು ಆಯಾಸ ಎಂದ, ಆಮೇಲೆ ಕೆಲಸದ ಒತ್ತಡ ಎಂದ. ಹೇಗೋ ವಾಸನೆ ಹಿಡಿದ ಅವನ ತಾಯಿ, ಗಂಡಸಿನ ಬಲವೆಲ್ಲ ಮೂತ್ರಪಿಂಡದ್ದು, ಅಲ್ಲೇ ಕಸುವಿಲ್ಲ ಎಂದು ತೀರ್ಮಾನಿಸಿ ಹಂದಿಯ ಮೂತ್ರಪಿಂಡದ ಸಾರು, ಜಿಂಕೆಕೊಂಬು ನೆನೆಸಿದ ಮದ್ಯ ಎಲ್ಲ ಕುಡಿಸಿದಳು. ಎದೆಯುರಿ ಬಂತು, ಮತ್ತೇನೂ ಬರಲಿಲ್ಲ. ಕೊನೆಗೆ ಅವನು ತುರ್ತು ಕರೆಯ ಪಾಳಿಗಳನ್ನೆಲ್ಲ ತಾನೇ ಕೇಳಿ ಹಾಕಿಸಿಕೊಂಡು ಮನೆ ತಪ್ಪಿಸತೊಡಗಿದ. ಊರಿನ ಯಾವ ಲಿಫ್ಟ್ ಕೆಟ್ಟು ನಿಂತರೂ ಅವನಿಗೆ ಒಳಗೊಳಗೇ ಖುಷಿ.

ಕಳೆದ ತಿಂಗಳು ಸೇತುವೆ ಪಕ್ಕದ ಖಾಸಗಿ ಕ್ಲಿನಿಕ್ ಒಂದಕ್ಕೆ ಹೋಗಿದ್ದ. ಬಿಳಿ ಕೋಟಿನವನೊಬ್ಬ ಎರಡು ಪ್ರಶ್ನೆ ಕೇಳಿ, "ನಿಮಗೆ ಅಲ್ಲಿ ನರಗಳು ಜಾಸ್ತಿ. ಒಂದಷ್ಟು ಕತ್ತರಿಸಿದರೆ ಜನ್ಮಪೂರ್ತಿ ತೊಂದರೆ ಇಲ್ಲ," ಎಂದ. ಈ ಶನಿವಾರಕ್ಕೆ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಗೆಂಗ್ ಬೋಗೆ ಎದೆ ಹಗುರಾಯಿತು. ಕಾರಣ ಸಿಕ್ಕಿತಲ್ಲ!

ಯಾನ್ ಪಿಂಗ್ ಶಾಲೆಯೊಂದರಲ್ಲಿ ಆಟೋಟದ ಮೇಡಂ. ಮನೆಯಲ್ಲೂ ಅವಳ ಮಾತು ಸೀಟಿ ಊದಿದ ಹಾಗೆಯೇ.

"ಕತ್ತರಿಸ್ತಾರಾ? ಅದೇನು ಕೊತ್ತಂಬರಿ ಸೊಪ್ಪಾ?"

"ಡಾಕ್ಟರ್ ಹೇಳಿದಾರೆ."

"ಪರೀಕ್ಷೆ ಮಾಡಿದನಾ? ಇಲ್ಲ ತಾನೇ? ಸರಿಯಾದ ಆಸ್ಪತ್ರೇಲಿ ತೋರಿಸು. ನರ ಕೆಟ್ಟಿದೆ ಅಂತ ಅವರೂ ಹೇಳಿದರೆ ನಾನೇ ಕರ್ಕೊಂಡು ಹೋಗಿ ಕತ್ತರಿಸಿಕೊಂಡು ಬರ್ತೀನಿ."

ಹಾಗೆ ಬಂದಿದ್ದ ಇಲ್ಲಿಗೆ.

ಪರೀಕ್ಷೆ ಮಾಡುವವರು ಹೆಂಗಸು ಎಂಬುದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಲುವಾನ್ ಎಂಬಾಕೆ, ಐವತ್ತು ದಾಟಿದವರು, ತರಕಾರಿ ತೂಗುವಷ್ಟು ನಿರಾಳವಾಗಿ ಕೈಗವಸು ಹಾಕಿಕೊಂಡರು. "ಪ್ಯಾಂಟ್ ಇಳಿಸಿ ಮಲಗಿ. ನಾಚ್ಕೋಬೇಡಿ, ಬೆಳಗಿಂದ ನೀವು ಎಷ್ಟನೆಯವರೋ ನನಗೇ ಮರೆತುಹೋಗಿದೆ."

ಮೊದಲು ಸಣ್ಣಗೆ ನಡುಗುವ ಒಂದು ಕಡ್ಡಿಯನ್ನು ತಾಗಿಸಿ, ನಡುಕ ಗೊತ್ತಾದ ಕೂಡಲೇ ಹೇಳಬೇಕೆಂದರು. ಆಮೇಲೆ ಅವನ ನೆತ್ತಿಗೆ ಅಂಟು ಹಚ್ಚಿ ತಂತಿಗಳನ್ನು ಕೂರಿಸಿದರು. ಕೆಳಗೆ, ಅಂಗಕ್ಕೆ, ಎರಡು ಉಂಗುರಗಳನ್ನು ತೊಡಿಸಿದರು. ಕೆಳಗಿನಿಂದ ಸಣ್ಣ ಕರೆಂಟ್ ಕೊಟ್ಟರೆ ಅದು ಮಿದುಳಿಗೆ ಎಷ್ಟು ಬೇಗ ಮುಟ್ಟುತ್ತದೆ ಎಂದು ಯಂತ್ರ ಬರೆದುಕೊಳ್ಳುತ್ತದೆ. ಟಕ್, ಟಕ್, ಟಕ್ ಎಂದು ಯಾರೋ ಬೆರಳಲ್ಲಿ ಚಿಮ್ಮಿದಂತೆ. ನೋವಿಲ್ಲ, ಆದರೆ ಅವಮಾನವಾಗುವಂತಿತ್ತು.

"ಹಲ್ಲು ಕಚ್ಚಬೇಡಿ," ಎಂದರು ಲುವಾನ್, ಪರದೆ ನೋಡುತ್ತ. "ದವಡೆ ಬಿಗಿ ಹಿಡಿದರೆ ಗೆರೆಯೆಲ್ಲ ಕಲಸಿಹೋಗುತ್ತೆ."

"ಕಚ್ಚಿಲ್ಲ."

"ಕಚ್ಚಿದೀರಿ. ಮೊದಲಿಂದ ಮಾಡಬೇಕು."

ಮತ್ತೆ ಶುರು. ಮತ್ತೆ ಕೆಟ್ಟಿತು. ಮೂರನೇ ಸಲ ಅವರಿಗೂ ತಾಳ್ಮೆ ಹೋಯಿತು. "ಏನಪ್ಪಾ, ಯಾರ ಮೇಲೆ ಸಿಟ್ಟು ಇಟ್ಕೊಂಡು ಮಲಗಿದೀರಿ ನೀವು?"

ಹೊರಬರುವಷ್ಟರಲ್ಲಿ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೂದಲಲ್ಲಿ ಅಂಟು ಹಾಗೇ ಉಳಿದಿತ್ತು.

ಡಾಕ್ಟರ್ ತ್ಸುಯ್ ಪರೀಕ್ಷೆಯ ಗೆರೆಗಳನ್ನು ತಿರುಗಿಸಿ ನೋಡಿ, ಸಂತೋಷದ ಸುದ್ದಿಯೆಂಬಂತೆ ಹೇಳಿದರು: "ನಿಮ್ಮ ನರದಲ್ಲಿ ದೋಷವಿಲ್ಲ. ಎಲ್ಲ ನಾರ್ಮಲ್."

"ಇನ್ನೊಂದು ಸಲ ನೋಡಿ ಸಾರ್."

"ನೋಡಿದೆ. ಅತಿಸೂಕ್ಷ್ಮ ಅನ್ನೋ ಹಾಗೇನೂ ಇಲ್ಲ."

"ಹಾಗಾದರೆ ನನಗೆ ಆಗಿರೋದೇನು? ಏನೂ ಆಗಿಲ್ಲ ಅಂತಲಾ? ಆರು ವರ್ಷ ನಾನು ಸುಮ್ಮನೆ ನಾಟಕ ಆಡ್ತಿದ್ದೀನಾ?"

"ಹಾಗಂದೆನಾ ನಾನು?" ಡಾಕ್ಟರ್ ಕನ್ನಡಕ ತೆಗೆದರು. "ತೊಂದರೆ ನಿಜ. ಆದರೆ ಈ ಪರೀಕ್ಷೇಲಿ ಎಲ್ಲದಕ್ಕೂ ಉತ್ತರ ಸಿಗಲ್ಲ. ಶೀಘ್ರಸ್ಖಲನ ಇರೋ ಎಷ್ಟೋ ಜನಕ್ಕೆ ನರ ಸರಿಯಾಗೇ ಇರುತ್ತೆ. ಯಾಕೆ ಹಾಗಾಗುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

"ನರ ಕತ್ತರಿಸಿದರೆ?"

"ಇರೋ ಸ್ಪರ್ಶವೇ ಹೋಗಬಹುದು. ಹೋದದ್ದು ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ. ಮಾತ್ರೆ ಬರೀತೀನಿ. ಮುಂದಿನ ಸಲ ಹೆಂಡತೀನೂ ಕರ್ಕೊಂಡು ಬನ್ನಿ."

"ಅವಳಿಗೇನು ಕಾಯಿಲೆ?"

"ಕಾಯಿಲೆ ಅಲ್ಲ. ಇದು ಇಬ್ಬರೂ ಸೇರಿ ನೋಡ್ಕೊಳ್ಳೋ ವಿಷಯ."

ಗೆಂಗ್ ಬೋ ಮಾತ್ರೆ ಚೀಟಿ ಎತ್ತಿಕೊಂಡು ಎದ್ದು ಬಂದ. ಕೆಟ್ಟಿದೆ ಎಂದಿದ್ದರೆ ಕುಣಿದುಬಿಡುತ್ತಿದ್ದ. ಸರಿಯಿದೆ ಎಂದ ಮೇಲೆ ಅವನಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ಗೇಟಿನೆದುರಿನ ಅಂಗಡಿಯಲ್ಲಿ ಯಾನ್ ಪಿಂಗ್ ಬಾತುಕೋಳಿ ರಕ್ತದ ಶಾವಿಗೆ ಸಾರು ಹೇಳಿ ಕಾಯುತ್ತಿದ್ದಳು. ಅವನು ಕುರ್ಚಿ ಎಳೆದು ಕೂತ ಸದ್ದಿಗೇ ಅವಳಿಗೆ ವಿಷಯ ತಿಳಿಯಿತು.

"ನಾರ್ಮಲ್ ಅಂತೆ," ಎಂದ. "ನರವೂ ಸರಿ, ನಾನೂ ಸರಿ, ಜಗತ್ತೆಲ್ಲ ಸರಿ. ಶನಿವಾರ ಹೋಗಿ ಕತ್ತರಿಸಿಕೊಂಡೇ ಬರ್ತೀನಿ."

"ಸರಿ ಇರೋದನ್ನ ಯಾಕೆ ಕತ್ತರಿಸ್ತೀಯ?"

"ನಿನಗೋಸ್ಕರ!"

ಯಾನ್ ಪಿಂಗ್ ಚಾಪ್‌ಸ್ಟಿಕ್ಕನ್ನು ಬಟ್ಟಲಿನ ಮೇಲೆ ಪಟ್ಟನೆ ಇಟ್ಟಳು. "ನನಗೋಸ್ಕರ? ನನ್ನ ಒಂದು ದಿನ ಕೇಳಿದೀಯಾ ನೀನು? ಬೇಗ ಮುಗಿಯುತ್ತೆ, ಸರಿ, ನನಗೂ ಬೇಜಾರಾಗುತ್ತೆ, ಇಲ್ಲ ಅನ್ನಲ್ಲ. ಆದರೆ ಮುಗಿದ ತಕ್ಷಣ ಎದ್ದು ಓಡ್ತೀಯಲ್ಲ, ಬಚ್ಚಲಿಗೋ ಡ್ಯೂಟಿಗೋ, ನಾನು ಅಲ್ಲಿ ತಪ್ಪು ಮಾಡಿದವಳ ಹಾಗೆ ಬಿದ್ದಿರ್ತೀನಿ. ಅದಕ್ಕೆ ಯಾವ ನರ ಕತ್ತರಿಸ್ತಾರೆ ಕೇಳ್ಕೊಂಡು ಬಾ."

ಪಕ್ಕದ ಮೇಜಿನವರು ತಿನ್ನುವುದು ನಿಲ್ಲಿಸಿದರು. ಅವನಿಗೆ ಸಿಟ್ಟು ನೆತ್ತಿಗೇರಿತು. ಅವಳು ಹೇಳಿದ್ದು ಸುಳ್ಳಲ್ಲ ಎಂಬುದು ಆ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಸಾರು ಆರಿತು. ಯಾರೂ ಮುಟ್ಟಲಿಲ್ಲ.

"ಡಾಕ್ಟರ್ ನಿನ್ನನ್ನೂ ಕರ್ಕೊಂಡು ಬಾ ಅಂದರು," ಎಂದ ಕೊನೆಗೆ, ಬೈಗುಳದ ದನಿಯಲ್ಲಿ.

"ಬರ್ತೀನಿ. ಕರೆದಿದ್ದರೆ ಯಾವತ್ತೋ ಬರ್ತಿದ್ದೆ."

ಶುಕ್ರವಾರ ಕ್ಲಿನಿಕ್ಕಿನಿಂದ ಫೋನ್ ಬಂತು. ಬರುವುದಿಲ್ಲ ಎಂದ. "ಹೆದರಿದಿರಾ? ಹಾಗಾದರೆ ಜನ್ಮವಿಡೀ ಹೀಗೇ ಇರಿ," ಎಂದಿತು ಆ ಕಡೆಯ ದನಿ. ಗೆಂಗ್ ಬೋ ರಿಪೇರಿಗೆ ಇಳಿದಿದ್ದ ಲಿಫ್ಟಿನ ಹಳ್ಳದಲ್ಲೇ ನಿಂತು ಬಾಯಿಗೆ ಬಂದದ್ದನ್ನೆಲ್ಲ ಬೈದು ಫೋನ್ ಕಟ್ ಮಾಡಿದ.

ಮುಂದಿನ ಭೇಟಿಗೆ ಇಬ್ಬರೂ ಹೋದರು. ಡಾಕ್ಟರ್ ಕೇಳಿದ್ದಕ್ಕೆಲ್ಲ ಯಾನ್ ಪಿಂಗ್ ಮೈದಾನದಲ್ಲಿ ಮಾತಾಡುವ ದನಿಯಲ್ಲೇ ಉತ್ತರ ಕೊಟ್ಟಳು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾತ್ರೆಯಿಂದ ಹೊಟ್ಟೆ ತೊಳಸುತ್ತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ. ಕೆಲವು ದಿನ ಸ್ವಲ್ಪ ಸುಧಾರಿಸಿದಂತೆ ಕಂಡಿತು, ಕೆಲವು ದಿನ ಹಳೇ ಪಾಡೇ. ಅಂಥ ಕೆಟ್ಟ ದಿನಗಳಲ್ಲಿ ಅವನು ಈಗಲೂ ಸಿಡುಕುತ್ತಾನೆ, ದಿಂಬಿಗೆ ಗುದ್ದುತ್ತಾನೆ, ತನ್ನ ಮೈಯನ್ನು ತಾನೇ ಶಪಿಸುತ್ತಾನೆ. ಅವಳೂ ಸುಮ್ಮನಿರುವುದಿಲ್ಲ, ತಿರುಗಿ ಎರಡು ಮಾತು ಅನ್ನುತ್ತಾಳೆ. ಆದರೆ ಜಗಳವೆಲ್ಲ ಈಗ ಒಂದೇ ಹೊದಿಕೆಯೊಳಗೆ ನಡೆಯುತ್ತದೆ. ತುರ್ತು ಪಾಳಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಅವನು ಕಚೇರಿಗೆ ಹೇಳಿದ್ದಾನೆ.