ನುಂಗಿದ ಸಾಲು

ಸೆರೆಯಿಂದ ಬಿಡಿಸಿದವರನ್ನು ತಂದು ಇಳಿಸಿದ್ದ ಶಾಲೆಯಲ್ಲಿ ಇದ್ದದ್ದು ಒಂದೇ ಫೋನು. ಒಬ್ಬೊಬ್ಬರಿಗೆ ಒಂದೇ ಕರೆ. ಮೆಕ್ಯಾನಿಕ್‌ನ ಸರದಿ ಬರುವಷ್ಟರಲ್ಲಿ ಅವನ ಕಾಲು ಸೋತಿತ್ತು. ಯುದ್ಧಕ್ಕೆ ಮೊದಲು ಬಸ್ಸಿನ ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದವನು. ಈಗ ಮುಂದಿನ ಹಲ್ಲುಗಳಿಲ್ಲದೆ ಮಾತೆಲ್ಲ ಗಾಳಿಯಾಗಿ ಸೋರುತ್ತಿತ್ತು.

ಅಕ್ಕ ಫೋನೆತ್ತಿದಳು.

"ಅಕ್ಕಾ, ನಾನು. ಬಿಟ್ರು ಕಣೇ."

ಆ ಕಡೆಯಿಂದ ಒಣಗಿದ ದನಿ ಬಂತು. "ಹೀಗೇ ತಮ್ಮ ಅಂತ ಹೇಳ್ಕೊಂಡು ಇನ್ನಿಬ್ರು ದುಡ್ಡಿಗೆ ಫೋನ್ ಮಾಡಿದ್ರು. ಅಮ್ಮ ಎರಡು ಸಲಾನೂ ತಲೆ ಬಾಚ್ಕೊಂಡು ಬಾಗಿಲಲ್ಲಿ ಕಾದು ಕೂತ್ರು. ದಯವಿಟ್ಟು ಸಾಕು ಮಾಡಿ."

ಅವನು ಮನೆಯ ಬೀದಿ ಹೇಳಿದ, ಅಮ್ಮನ ಮಂಡಿನೋವು ಹೇಳಿದ. ಅದೆಲ್ಲ ಪತ್ರಿಕೆಯವರು ಬರೆದು ಊರಿಗೇ ಗೊತ್ತು ಎಂದಳು. ದನಿ ತಮ್ಮನದಲ್ಲ ಎಂದಳು. ಹಲ್ಲು ಮುರಿದಿವೆ ಎಂದರೆ, ಹಿಂದಿನವರು ಗಂಟಲು ಕಟ್ಟಿದೆ ಎಂದಿದ್ದರಂತೆ.

ಕೊನೆಗೆ ದಾರಿ ತೋರಿಸಿದವಳೂ ಅವಳೇ. ಚಿಕ್ಕಂದಿನಲ್ಲಿ ಸಂಜೆ ಅಪ್ಪನಿಗೆ ಒಪ್ಪಿಸುತ್ತಿದ್ದ ದೇವರ ಪದ್ಯ ಹೇಳಬೇಕಂತೆ.

ಅವನ ಎದೆ ಹಗುರಾಯಿತು. ಕತ್ತಲ ಕೋಣೆಯಲ್ಲಿ ಅವನ ಜೀವ ಹಿಡಿದಿಟ್ಟದ್ದೇ ಆ ಪದ್ಯ. ಪಕ್ಕದಲ್ಲಿದ್ದ ಮುದುಕ ಗೋಡೆಗೆ ತಾಳ ತಟ್ಟುತ್ತ ಅದನ್ನು ತಿದ್ದಿ ಕೊಟ್ಟಿದ್ದ. ಕಣ್ಮುಚ್ಚಿ, ರಾಗ ಎಳೆದು, ನಾಲ್ಕೂ ಸಾಲು ಎಡವದೆ ಹೇಳಿದ.

"ಸಿಕ್ಕಿಬಿದ್ರಿ," ಎಂದಳು ಅಕ್ಕ. "ನನ್ನ ತಮ್ಮಂಗೆ ಮೂರನೇ ಸಾಲು ಯಾವತ್ತೂ ಬಂದಿಲ್ಲ. ನುಂಗಿಬಿಡ್ತಿದ್ದ. ಇಡ್ತೀನಿ."

ಅವನ ಮೈಯೆಲ್ಲ ಉರಿದುಹೋಯಿತು. ಸೆರೆಯಲ್ಲಿ ಕಾವಲಿನವರ ಮುಂದೆ ಒಮ್ಮೆಯೂ ಏರಿರದ ದನಿ ಒಡಹುಟ್ಟಿದವಳ ಮೇಲೆ ಏರಿತು.

"ನುಂಗಿದ್ದು ನಾನಲ್ಲ, ನೀನು. ಹೇಳ್ಕೊಟ್ಟೋಳು ನೀನೇ ತಾನೆ? ನಿಂಗೆ ಬರ್ತಿರ್ಲಿಲ್ಲ, ಬಿಟ್ಟು ಹೇಳ್ಕೊಟ್ಟೆ. ಅಪ್ಪ ನನ್ನ ಕಿವಿ ಹಿಂಡೋವಾಗ ಬಾಗಿಲ ಹಿಂದೆ ನಿಂತು ನಗ್ತಿದ್ದೆ. ಒಂದಿನಾದ್ರೂ ನಿನ್ನ ಹೆಸರು ಎತ್ತಿದ್ನಾ ನಾನು?"

ಕಾದು ನಿಂತವರು ಕತ್ತು ಹೊರಳಿಸಿದರು. ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಕುಳಿತಳೇನೋ.

"ಪುಟ್ಟಾ," ಎಂದಳು. "ಆ ಸಾಲು ಇನ್ನೊಂದ್ಸಲ ಹೇಳೋ. ನಂಗೆ ಈಗ್ಲೂ ಬರಲ್ಲ."

ಅವನು ಬಾಯಿ ತೆರೆಯುವ ಮೊದಲೇ ಫೋನು ಕಾಯುತ್ತಿದ್ದ ಸಿಪಾಯಿ ಕರೆ ಕತ್ತರಿಸಿ ಮುಂದಿನವನನ್ನು ಕೂಗಿದ. ಎಲ್ಲಿದ್ದೇನೆ, ಯಾವ ರೈಲಿಗೆ ಬರುತ್ತೇನೆ, ಒಂದನ್ನೂ ಹೇಳಿರಲಿಲ್ಲ. ಜಗಳದಲ್ಲೇ ಕರೆಯೆಲ್ಲ ಮುಗಿದುಹೋಗಿತ್ತು. ಅವನು ಮತ್ತೆ ಎಲ್ಲರ ಹಿಂದೆ ಹೋಗಿ ನಿಂತ. ಒಬ್ಬರಿಗೆ ಒಂದೇ ಎಂದು ಸಿಪಾಯಿ ಗದರಿದ. ಅವನು ಕದಲಲಿಲ್ಲ, ಹಲ್ಲಿಲ್ಲದ ಬಾಯಲ್ಲಿ ಆ ಮೂರನೇ ಸಾಲನ್ನೇ ಸಿಡಿಮಿಡಿಯಿಂದ ಗೊಣಗುತ್ತ ನಿಂತಿದ್ದ.